ಮಗ ಪಿಚಿಂಗ್ ಕೋಚ್ ಆಗ್ತೀನಿ ಅಂತಾನೆ, ಇದೂ ಒಂದು ಕೆರಿಯರ್ರಾ?

ಪ್ರಶ್ನೆ: ನಾವು ಹಾಸನದ ಕಡೆಯವರು. ಟೆಕ್ಸಾಸ್‌ಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಮಗನಿಗೆ 22. ಸಣ್ಣ ಕಾಲೇಜೊಂದರ ಬೇಸ್‌ಬಾಲ್ ತಂಡದಲ್ಲಿ ಪಿಚರ್ (ಕ್ರಿಕೆಟ್‌ನ ಬೌಲರ್ ಥರ ಚೆಂಡು ಎಸೆಯುವವನು) ಆಗಿದ್ದ. ಮೊಣಕೈಗೆ ಆಪರೇಷನ್ ಆದ ಮೇಲೆ ಮೊದಲಿನ ವೇಗ ಬರಲಿಲ್ಲ. ಕಿನೀಸಿಯಾಲಜಿ, ಅಂದರೆ ದೇಹದ ಚಲನೆಯ ಶಾಸ್ತ್ರದಲ್ಲಿ ಡಿಗ್ರಿ ಮುಗಿಸಿದ್ದಾನೆ. ಫಿಸಿಯೋಥೆರಪಿ ಓದು ಅಂದರೆ ಬೇಡ, ಪಿಚಿಂಗ್ ಕೋಚ್ ಆಗ್ತೀನಿ, ಒಂದಿನ ಮೇಜರ್ ಲೀಗ್‌ಗೆ ಹೋಗ್ತೀನಿ ಅಂತಾನೆ. ದೊಡ್ಡ ಆಟಗಾರ ಆಗದವನನ್ನು ಯಾರು ಕೋಚ್ ಮಾಡಿಕೊಳ್ಳುತ್ತಾರೆ? ಇದರಲ್ಲಿ ಹೊಟ್ಟೆ ತುಂಬುತ್ತಾ? ಕ್ರಿಕೆಟ್ ಬಿಟ್ಟು ಬೇರೇನೂ ಗೊತ್ತಿಲ್ಲದ ನಮಗೆ ಅರ್ಥ ಆಗುವ ಹಾಗೆ ಹೇಳಿ.

ಉತ್ತರ:

ಮೇಡಂ, ಮೊದಲು ನಿಮ್ಮ ದೊಡ್ಡ ಅನುಮಾನಕ್ಕೆ ಬರುತ್ತೇನೆ. ದೊಡ್ಡ ಆಟಗಾರ ಆಗದವನನ್ನು ಕೋಚ್ ಮಾಡಿಕೊಳ್ಳುತ್ತಾರಾ ಅಂತ ಕೇಳಿದ್ದೀರಿ. ಮಾಡಿಕೊಳ್ಳುತ್ತಾರೆ. ಈ ಕೆಲಸದಲ್ಲಿ ತುಂಬಾ ಹೆಸರು ಮಾಡಿದವರಲ್ಲಿ ಕೆಲವರು ಅಮೆರಿಕದ ಅತಿ ಮೇಲಿನ ಹಂತವಾದ ಮೇಜರ್ ಲೀಗ್‌ನಲ್ಲಿ ಒಂದೇ ಒಂದು ಎಸೆತ ಕೂಡ ಎಸೆದವರಲ್ಲ.

ಲಿಯೋ ಮಜೋನಿ ಅವರನ್ನೇ ನೋಡಿ. ಅದರ ಕೆಳಗಿನ ಹಂತದ ಮೈನರ್ ಲೀಗ್‌ಗಳಲ್ಲಿ ವರ್ಷಗಟ್ಟಲೆ ಪಿಚ್ ಮಾಡಿದರು, ಮೇಲಿನ ಬಾಗಿಲು ತೆರೆಯಲೇ ಇಲ್ಲ. 1979ರಲ್ಲಿ ಅಟ್ಲಾಂಟಾ ಬ್ರೇವ್ಸ್ ಸಂಸ್ಥೆಗೆ ಸೇರಿ, ಕೆಳಗಿನ ತಂಡಗಳಲ್ಲಿ ಹುಡುಗರಿಗೆ ಹೇಳಿಕೊಡುತ್ತಾ ಇದ್ದರು. ಮುಖ್ಯ ತಂಡದ ಪಿಚಿಂಗ್ ಕೋಚ್ ಆಗಿದ್ದು 1990ರ ಮಧ್ಯದಲ್ಲಿ. ಅಂದರೆ ಆ ಕುರ್ಚಿಗೆ ಬರಲು ಹನ್ನೊಂದು ವರ್ಷ ಹಿಡಿಯಿತು. ಆಮೇಲೆ 2005ರವರೆಗೆ ಅಲ್ಲೇ ಇದ್ದರು. ಆ ಅವಧಿಯಲ್ಲಿ ಅವರ ಪಿಚರ್‌ಗಳು ಸೈ ಯಂಗ್ ಪ್ರಶಸ್ತಿಯನ್ನು ಆರು ಸಲ ಗೆದ್ದರು: ಗ್ರೆಗ್ ಮ್ಯಾಡಕ್ಸ್ ಮೂರು, ಟಾಮ್ ಗ್ಲ್ಯಾವಿನ್ ಎರಡು, ಜಾನ್ ಸ್ಮೋಲ್ಟ್ಸ್ ಒಂದು. ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಪ್ರಶಸ್ತಿ ಅದು. 1995ರಲ್ಲಿ ತಂಡ ವರ್ಲ್ಡ್ ಸೀರೀಸ್, ಅಂದರೆ ಮೇಜರ್ ಲೀಗ್‌ನ ಫೈನಲ್ ಗೆದ್ದಿತು.

ಅಂಥಾ ಪಿಚರ್‌ಗಳಿದ್ದರೆ ಯಾರಾದರೂ ಗೆಲ್ಲಿಸ್ತಾರೆ ಅಂತ ನಿಮಗೆ ಅನಿಸಬಹುದು. ಇದೇ ಪ್ರಶ್ನೆ ಇಟ್ಟುಕೊಂಡು ಜೆ.ಸಿ. ಬ್ರಾಡ್‌ಬರಿ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು. ಒಬ್ಬನೇ ಪಿಚರ್ ಮಜೋನಿ ಕೈಕೆಳಗಿದ್ದಾಗ ಹೇಗೆ, ಇಲ್ಲದಿದ್ದಾಗ ಹೇಗೆ ಅಂತ ಹೋಲಿಸಿದರು. ಒಂಬತ್ತು ಇನಿಂಗ್ಸ್‌ಗೆ, ಅಂದರೆ ಒಂದು ಪೂರ್ತಿ ಪಂದ್ಯಕ್ಕೆ, ಅರ್ಧ ರನ್ನಿಗಿಂತ ಜಾಸ್ತಿ ವ್ಯತ್ಯಾಸ ಕಂಡಿತು. ಕೇಳೋಕೆ ಸಣ್ಣದು. ಆದರೆ ಬೇಸ್‌ಬಾಲ್‌ನಲ್ಲಿ ಒಂದು ತಂಡ ಇಡೀ ಪಂದ್ಯದಲ್ಲಿ ನಾಲ್ಕೋ ಐದೋ ರನ್ ಹೊಡೆಯುತ್ತದೆ, ಸೀಸನ್ನಿಗೆ 162 ಪಂದ್ಯ ಇರುತ್ತವೆ. ಅಲ್ಲಿ ಅರ್ಧ ರನ್ ಅಂದರೆ ಬಹಳ ದೊಡ್ಡ ಮಾತು.

ಇನ್ನೊಬ್ಬರು ಡೇವ್ ಡಂಕನ್. ಇವರು ಪಿಚರ್ರೇ ಅಲ್ಲ. ಕ್ಯಾಚರ್, ಅಂದರೆ ಬ್ಯಾಟರ್ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವವರು. 1972ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ಓಕ್ಲೆಂಡ್ ತಂಡದಲ್ಲಿದ್ದರು. ಓಕ್ಲೆಂಡ್‌ನಲ್ಲೂ ಸೇಂಟ್ ಲೂಯಿಸ್‌ನಲ್ಲೂ ಪಿಚಿಂಗ್ ಕೋಚ್ ಆಗಿ ದಶಕಗಳ ಕಾಲ ಇದ್ದರು. ಎದುರಾಳಿ ಬ್ಯಾಟರ್ ಎಲ್ಲಿ ಹೊಡೆಯುತ್ತಾನೆ, ಎಲ್ಲಿ ತಡವರಿಸುತ್ತಾನೆ ಅಂತ ಕೈಯಲ್ಲೇ ಚಾರ್ಟ್ ಬರೆದು ಇಟ್ಟುಕೊಳ್ಳುತ್ತಿದ್ದರು. ಇನಿಂಗ್ಸ್‌ಗಟ್ಟಲೆ ಎಸೆಯುತ್ತಿದ್ದ ಡೆನ್ನಿಸ್ ಎಕರ್ಸ್ಲಿ ಓಕ್ಲೆಂಡ್‌ಗೆ ಬಂದ ಮೇಲೆ ಕೊನೆಯ ಇನಿಂಗ್ಸ್ ಮುಗಿಸಿಕೊಡುವ ಪಿಚರ್ ಆಗಿ ಬದಲಾದರು. 1992ರಲ್ಲಿ ಸೈ ಯಂಗ್ ಜೊತೆಗೆ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿಯನ್ನೂ ಗೆದ್ದರು. ಹಾಗೆ ಬದಲಾಯಿಸುವಾಗ ಪಕ್ಕದಲ್ಲಿದ್ದವರು ಮ್ಯಾನೇಜರ್ (ಅಂದರೆ ತಂಡದ ಮುಖ್ಯ ಕೋಚ್) ಟೋನಿ ಲಾ ರೂಸಾ ಮತ್ತು ಈ ಡಂಕನ್.

ಈಗಿನ ಕಾಲದಲ್ಲಂತೂ ಬಾಗಿಲು ಇನ್ನೂ ಅಗಲ ಆಗಿದೆ. 2019ರ ಕೊನೆಯಲ್ಲಿ ನ್ಯೂಯಾರ್ಕ್ ಯಾಂಕೀಸ್ ಪಿಚಿಂಗ್ ಕೋಚ್ ಆಗಿ ತೆಗೆದುಕೊಂಡ ಮ್ಯಾಟ್ ಬ್ಲೇಕ್ ಕಾಲೇಜಿನಾಚೆ ವೃತ್ತಿಪರವಾಗಿ ಪಿಚ್ ಮಾಡಿದವರೇ ಅಲ್ಲ. ಬೇಸ್‌ಬಾಲ್‌ನ ಅತಿ ಶ್ರೀಮಂತ ಹೆಸರಿನ ತಂಡ ಹಾಗೆ ಮಾಡಿದೆ ಅಂದಮೇಲೆ ನಿಮ್ಮ ಮಗನಿಗೆ ದಾರಿ ಮುಚ್ಚಿದೆ ಅಂತ ನಾನಂತೂ ಹೇಳಲಾರೆ.

ಹಾಗಾದರೆ ಕೆಲಸ ಏನು? ನೀವು ಟಿವಿಯಲ್ಲಿ ನೋಡಿರಬಹುದು. ಪಂದ್ಯದ ನಡುವೆ ಒಬ್ಬರು ಡಗೌಟ್‌ನಿಂದ ಎದ್ದು, ಪಿಚರ್ ನಿಂತಿರುವ ದಿಬ್ಬದ ಹತ್ತಿರ ನಿಧಾನಕ್ಕೆ ನಡೆದು ಹೋಗುತ್ತಾರೆ. ಬಾಯಿಗೆ ಕೈ ಅಡ್ಡ ಹಿಡಿದು ಏನೋ ಮಾತಾಡುತ್ತಾರೆ. ಮೂವತ್ತು ಸೆಕೆಂಡಲ್ಲಿ ವಾಪಸ್. ಅವರೇ ಪಿಚಿಂಗ್ ಕೋಚ್. ಎಷ್ಟೋ ಸಲ ಆ ಭೇಟಿಯಲ್ಲಿ ದೊಡ್ಡ ತಂತ್ರ ಏನೂ ಇರಲ್ಲ. ಮುಂದಿನ ಪಿಚರ್ ಆ ಕಡೆ ಬುಲ್‌ಪೆನ್‌ನಲ್ಲಿ, ಅಂದರೆ ಪಿಚರ್‌ಗಳು ಅಭ್ಯಾಸ ಮಾಡುವ ಜಾಗದಲ್ಲಿ, ಕೈ ಬಿಸಿ ಮಾಡಿಕೊಳ್ಳುತ್ತಿರುತ್ತಾನೆ, ಅವನಿಗೆ ಇನ್ನೆರಡು ನಿಮಿಷ ಬೇಕಿರುತ್ತದೆ. ಅದಕ್ಕೇ ಆ ನಿಧಾನದ ನಡಿಗೆ. 2018ರಿಂದ ಇಂಥ ಭೇಟಿಗೂ ಮಿತಿ ಬಂತು. ಮೊದಲು ಪಂದ್ಯಕ್ಕೆ ಆರು, ಆಮೇಲೆ ಐದು, 2024ರಿಂದ ನಾಲ್ಕು. ಒಂದೇ ಇನಿಂಗ್ಸ್‌ನಲ್ಲಿ ಒಬ್ಬನೇ ಪಿಚರ್ ಹತ್ತಿರ ಎರಡನೇ ಸಲ ಹೋದರೆ ಅವನನ್ನು ಬದಲಾಯಿಸಲೇಬೇಕು.

ಅದು ಜನಕ್ಕೆ ಕಾಣುವ ಭಾಗ. ನಿಜವಾದ ಕೆಲಸ ನಡೆಯುವುದು ಪಂದ್ಯಕ್ಕೆ ಎಷ್ಟೋ ಗಂಟೆ ಮುಂಚೆ, ಖಾಲಿ ಸ್ಟೇಡಿಯಂನಲ್ಲಿ. ಅದನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ, ಯಾಕೆಂದರೆ ನಿಮ್ಮ ಮಗ ಮರುಳಾಗಿರುವುದು ಇದಕ್ಕೇ ಇರಬೇಕು.

ಪಂದ್ಯ ಶುರು ಮಾಡುವ ಪಿಚರ್‌ಗೆ ಐದೈದು ದಿನಕ್ಕೊಮ್ಮೆ ಸರದಿ ಬರುತ್ತದೆ. ನಡುವೆ ಒಂದು ದಿನ ಬುಲ್‌ಪೆನ್ ಅಭ್ಯಾಸ. ಮಧ್ಯಾಹ್ನ ಎರಡೂವರೆ, ಬಿಸಿಲು ಚುರುಗುಟ್ಟುತ್ತಿದೆ ಅಂದುಕೊಳ್ಳಿ. ಹುಡುಗ 60 ಅಡಿ 6 ಇಂಚು ದೂರದಲ್ಲಿ ಕೂತ ಕ್ಯಾಚರ್‌ಗೆ ಎಸೆಯುತ್ತಿದ್ದಾನೆ. ಹಿಂದೆ ಸ್ಟ್ಯಾಂಡ್ ಮೇಲೆ ಅತಿ ವೇಗದ ಕ್ಯಾಮೆರಾ. ಪಕ್ಕದಲ್ಲಿ ಟ್ಯಾಬ್ಲೆಟ್, ಪ್ರತಿ ಎಸೆತಕ್ಕೂ ವೇಗ ಎಷ್ಟು, ಚೆಂಡು ನಿಮಿಷಕ್ಕೆ ಎಷ್ಟು ಸುತ್ತು ತಿರುಗಿತು, ಎಷ್ಟು ಇಂಚು ಪಕ್ಕಕ್ಕೆ ಸರಿಯಿತು ಅಂತ ತೋರಿಸುತ್ತದೆ. ಸ್ಲೈಡರ್ ಅನ್ನುವ, ಪಕ್ಕಕ್ಕೆ ಜಾರುವ ಎಸೆತ ಸರಿಯಾಗಿ ಬೀಳುತ್ತಿಲ್ಲ. ಪಕ್ಕಕ್ಕೆ ಸರಿಯಬೇಕಾದ ಚೆಂಡು ಸುಮ್ನೆ ನಡುಮಧ್ಯದಲ್ಲಿ ತೇಲಿಕೊಂಡು ಬರುತ್ತಿದೆ. ಪಂದ್ಯದಲ್ಲಿ ಹೀಗೆ ಬಂದರೆ ಬ್ಯಾಟರ್ ಅದನ್ನು ಗ್ಯಾಲರಿಗೆ ಕಳಿಸುತ್ತಾನೆ.

ಕೆಟ್ಟ ಕೋಚ್ ಇಲ್ಲಿ ಐದು ಮಾತು ಹೇಳುತ್ತಾನೆ. ಭುಜ ಬೇಗ ತೆರೀತಿದೆ, ಮುಂಗಾಲು ಗಟ್ಟಿ ಊರು, ಮಣಿಕಟ್ಟು ತಿರುಚಬೇಡ, ತಲೆ ನೇರ ಇಡು, ಉಸಿರು ಬಿಡು. ಹುಡುಗನ ತಲೆ ಕೆಡುತ್ತದೆ. ಒಳ್ಳೆ ಕೋಚ್ ಇನ್ನೂ ಮೂರ್ನಾಲ್ಕು ಎಸೆತ ನೋಡುತ್ತಾರೆ. ಆಮೇಲೆ, "ಬೆರಳಿಂದ ಬಿಡುವಾಗ ಏನು ಅನಿಸ್ತು?" ಅಂತ ಕೇಳುತ್ತಾರೆ. ಹುಡುಗ, "ನಡುಬೆರಳು ಬೇಗ ಜಾರ್ತಿದೆ" ಅನ್ನುತ್ತಾನೆ. ಕೋಚ್ ಚೆಂಡನ್ನು ಅವನ ಕೈಯಲ್ಲೇ ಚೂರೇ ಚೂರು ತಿರುಗಿಸಿ, ನಡುಬೆರಳು ಹೊಲಿಗೆಯ ಮೇಲೆ ಒತ್ತಿ ಕೂರುವ ಹಾಗೆ ಇಡುತ್ತಾರೆ. ಬೇಸ್‌ಬಾಲ್ ಚೆಂಡಿನ ಮೇಲೆ ಕೆಂಪು ದಾರದ 108 ಜೋಡಿ ಹೊಲಿಗೆ ಇರುತ್ತವೆ. ಬೆರಳು ಅದರ ಮೇಲೆ ಎಲ್ಲಿ ಕೂತಿದೆ ಅನ್ನುವುದರಲ್ಲೇ ಅರ್ಧ ವಿದ್ಯೆ ಇದೆ. ಮುಂದಿನ ಎಸೆತ ಪಕ್ಕಕ್ಕೆ ಸರಿಯುತ್ತದೆ. ಟ್ಯಾಬ್ಲೆಟ್ ಏನು ಹೇಳುತ್ತೆ ಅಂತ ನೋಡುವುದಕ್ಕೆ ಮುಂಚೆ ಕ್ಯಾಚರ್ ಗ್ಲೌಸಿನ ಸದ್ದೇ ಹೇಳುತ್ತದೆ.

ಇದನ್ನು ಒಬ್ಬ ಹುಡುಗನಿಗಲ್ಲ, ಹದಿಮೂರು ಜನಕ್ಕೆ ಮಾಡಬೇಕು. ಮೇಜರ್ ಲೀಗ್ ತಂಡದ 26 ಜನರಲ್ಲಿ ಹೆಚ್ಚೆಂದರೆ ಹದಿಮೂರು ಪಿಚರ್‌ಗಳಿರಬಹುದು. ಒಬ್ಬನಿಗೆ ಅಂಕಿ ಸಂಖ್ಯೆ ಬೇಕು. ಇನ್ನೊಬ್ಬನಿಗೆ ಅಂಕಿ ತೋರಿಸಿದರೆ ಕೈ ಗಡಸಾಗುತ್ತದೆ. ಒಬ್ಬನಿಗೆ ಗದರಿದರೇ ಸರಿ, ಇನ್ನೊಬ್ಬನನ್ನು ಗದರಿದರೆ ವಾರ ಕಳೆದರೂ ಮೊದಲಿನ ಹಾಗಾಗಲ್ಲ. ಯಾರಿಗೆ ಯಾವಾಗ ಯಾವ ಒಂದು ಮಾತು ಹೇಳಬೇಕು, ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು ಅನ್ನುವುದೇ ಈ ವೃತ್ತಿಯ ತಿರುಳು ಅಂತ ನನ್ನ ನಂಬಿಕೆ. ತಾನು ಎಷ್ಟು ವೇಗವಾಗಿ ಎಸೆಯುತ್ತಿದ್ದೆ ಅನ್ನುವುದು ಅಲ್ಲಿ ಲೆಕ್ಕಕ್ಕೇ ಬರಲ್ಲ.

ನಮ್ಮ ಭಾರತದ್ದೇ ಒಂದು ಉದಾಹರಣೆ ಇದೆ. 2008ರಲ್ಲಿ 'ಮಿಲಿಯನ್ ಡಾಲರ್ ಆರ್ಮ್' ಅನ್ನುವ ಸ್ಪರ್ಧೆಯಿಂದ ಉತ್ತರ ಪ್ರದೇಶದ ಇಬ್ಬರು ಹುಡುಗರು ಆಯ್ಕೆ ಆದರು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಕ್ರಿಕೆಟ್ ಆಡುವ ರಿಂಕು ಸಿಂಗ್ ಬೇರೆ, ಇವರು ಬೇರೆ. ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದವರು, ಬೇಸ್‌ಬಾಲ್ ಕಂಡವರಲ್ಲ. ಅವರನ್ನು ಲಾಸ್ ಏಂಜಲಿಸ್‌ನಲ್ಲಿ ತಯಾರು ಮಾಡಿದವರು ಟಾಮ್ ಹೌಸ್. ಹೌಸ್ ಮೇಜರ್ ಲೀಗ್‌ನಲ್ಲಿ ಸಾಧಾರಣ ಪಿಚರ್ ಆಗಿದ್ದವರು. 1974ರಲ್ಲಿ ಹ್ಯಾಂಕ್ ಆರನ್ ಅವರ ದಾಖಲೆಯ 715ನೇ ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಚೆಂಡನ್ನು ಬುಲ್‌ಪೆನ್‌ನಲ್ಲಿ ನಿಂತು ಹಿಡಿದವರು ಅವರೇ. ಆಮೇಲೆ ಮನಃಶಾಸ್ತ್ರ ಓದಿ ಡಾಕ್ಟರೇಟ್ ಪಡೆದರು. ಟೆಕ್ಸಾಸ್ ರೇಂಜರ್ಸ್ ಕೋಚ್ ಆಗಿದ್ದಾಗ ಪಿಚರ್‌ಗಳ ಕೈಗೆ ಅಮೆರಿಕನ್ ಫುಟ್‌ಬಾಲ್ ಕೊಟ್ಟು ಎಸೆಸುತ್ತಿದ್ದರು. ನೋಡಿದವರು ನಗುತ್ತಿದ್ದರು. ಆದರೆ ಪಿಚರ್ ನೋಲನ್ ರಯಾನ್ ಅದೇ ತಂಡದಲ್ಲಿ ಅವರ ಜೊತೆ ಕೆಲಸ ಮಾಡುತ್ತಾ 1991ರಲ್ಲಿ, 44ನೇ ವಯಸ್ಸಿನಲ್ಲಿ, ತಮ್ಮ ಏಳನೇ ನೋ-ಹಿಟ್ಟರ್ ಎಸೆದರು. ಅಂದರೆ ಇಡೀ ಪಂದ್ಯದಲ್ಲಿ ಎದುರಾಳಿಗೆ ಒಂದೇ ಒಂದು ಹಿಟ್ ಕೂಡ ಬಿಟ್ಟುಕೊಡಲಿಲ್ಲ. ಆ ಏಳರ ದಾಖಲೆ ಇವತ್ತಿಗೂ ಹಾಗೇ ಇದೆ.

ಇಂಥವರ ಕೈಗೆ ಬಂದ ನಮ್ಮ ಇಬ್ಬರು ಹುಡುಗರನ್ನು ಅದೇ ವರ್ಷದ ನವೆಂಬರ್‌ನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಮೈನರ್ ಲೀಗ್ ಒಪ್ಪಂದಕ್ಕೆ ಸೇರಿಸಿಕೊಂಡಿತು. ಮೇಜರ್ ಲೀಗ್‌ವರೆಗೆ ಇಬ್ಬರೂ ಮುಟ್ಟಲಿಲ್ಲ, ನಿಜ. ಆದರೆ ಗ್ಲೌಸ್ ಹಾಕಲೂ ಗೊತ್ತಿಲ್ಲದವರನ್ನು ಒಂದು ವರ್ಷದೊಳಗೆ ಅಲ್ಲಿಗೆ ತಂದು ನಿಲ್ಲಿಸುವುದು ಸಣ್ಣ ಕೆಲಸ ಅಲ್ಲ.

ಈಗ ಕಷ್ಟದ ಕಡೆಗೆ ಬರೋಣ. ಇದನ್ನು ನಿಮ್ಮ ಮಗನೂ ಓದಬೇಕು.

ಮೇಜರ್ ಲೀಗ್‌ನಲ್ಲಿ ಇರುವುದು ಮೂವತ್ತು ತಂಡ. ಅಂದರೆ ಮೇಲಿನ ಕುರ್ಚಿ ಮೂವತ್ತೇ. ಸಹಾಯಕ ಕೋಚ್, ಬುಲ್‌ಪೆನ್ ಕೋಚ್ ಎಲ್ಲ ಸೇರಿಸಿದರೂ ನೂರರ ಆಸುಪಾಸು ಇರಬಹುದು. ಕೆಳಗೆ ಮಾತ್ರ ಜಾಗ ಇದೆ. ಪ್ರತಿ ತಂಡಕ್ಕೂ ನಾಲ್ಕು ಹಂತದ ಮೈನರ್ ಲೀಗ್ ತಂಡಗಳಿವೆ, ಒಟ್ಟು 120. ಅವುಗಳ ಕೆಳಗೆ ಫ್ಲಾರಿಡಾ, ಆರಿಜೋನಾದಲ್ಲಿ ಹೊಸ ಹುಡುಗರ ತಂಡಗಳು, ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಬೇಸಿಗೆ ಲೀಗ್. ಎಲ್ಲ ಕಡೆಗೂ ಪಿಚಿಂಗ್ ಕೋಚ್ ಬೇಕು. ಆದರೆ ಅಲ್ಲಿ ಸಂಬಳ ಕಡಿಮೆ, ಬಸ್ಸಿನ ಪ್ರಯಾಣ ಜಾಸ್ತಿ, ವಾರಕ್ಕೆ ಆರು ಪಂದ್ಯ. ಮೈನರ್ ಲೀಗ್ ಆಟಗಾರರು 2022ರಲ್ಲಿ ಯೂನಿಯನ್ ಸೇರಿ, 2023ರಲ್ಲಿ ಮೊದಲ ಒಪ್ಪಂದ ಮಾಡಿಕೊಂಡು ಸಂಬಳ ಏರಿಸಿಕೊಂಡರು. ಆ ಒಪ್ಪಂದ ಕೋಚ್‌ಗಳಿಗೆ ಅನ್ವಯಿಸಲ್ಲ. ನಿಮ್ಮ ಮಗ ಹೇಳಿಕೊಡುವ ಹುಡುಗ ಕೋಟ್ಯಧಿಪತಿ ಆಗಬಹುದು, ನಿಮ್ಮ ಮಗ ಅದೇ ಹಳೇ ಕಾರಲ್ಲಿ ಮನೆಗೆ ಬರಬಹುದು.

ಕೆಲಸದ ಭದ್ರತೆಯೂ ಅಷ್ಟಕ್ಕಷ್ಟೇ. ತಂಡ ಸೋತರೆ ಇಪ್ಪತ್ತಾರು ಆಟಗಾರರನ್ನು ತೆಗೆಯಲು ಆಗಲ್ಲ, ಕೋಚ್‌ನ ತೆಗೆಯುತ್ತಾರೆ. ಬ್ರೆಂಟ್ ಸ್ಟ್ರಾಮ್ ಅವರ ಕಥೆ ಕೇಳಿ. ಮೊಣಕೈ ಆಪರೇಷನ್ ಇವರದ್ದೂ ಆಗಿತ್ತು. ಟಾಮಿ ಜಾನ್ ಸರ್ಜರಿ ಅಂತ ಇವತ್ತು ಕರೆಯುವ ಆ ಆಪರೇಷನ್ನನ್ನು ಡಾ. ಫ್ರಾಂಕ್ ಜೋಬ್ 1974ರಲ್ಲಿ ಮೊದಲು ಮಾಡಿದ್ದು ಟಾಮಿ ಜಾನ್ ಎಂಬ ಪಿಚರ್‌ಗೆ. ಎರಡನೆಯವರೇ ಈ ಸ್ಟ್ರಾಮ್. ಟಾಮಿ ಜಾನ್ ವಾಪಸ್ ಬಂದು ವರ್ಷಾನುಗಟ್ಟಲೆ ಆಡಿದರು, ಸ್ಟ್ರಾಮ್‌ಗೆ ಮೇಜರ್ ಲೀಗ್ ಮತ್ತೆ ಸಿಗಲಿಲ್ಲ. ಕೋಚ್ ಆದರು. ಒಂದೆರಡು ತಂಡದಲ್ಲಿ ಪಿಚಿಂಗ್ ಕೋಚ್ ಕೆಲಸ ಸಿಕ್ಕಿತು, ಉಳಿಯಲಿಲ್ಲ. ಮತ್ತೆ ಮೈನರ್ ಲೀಗ್ ಹುಡುಗರ ನಡುವೆ ಹೋಗಿ ಕೂತರು. 2014ರಲ್ಲಿ, ವಯಸ್ಸು 65 ಆಗಿದ್ದಾಗ, ಹ್ಯೂಸ್ಟನ್ ಆಸ್ಟ್ರೋಸ್ ಕರೆಯಿತು.

ಜನ ನಿವೃತ್ತಿ ಆಗುವ ವಯಸ್ಸಲ್ಲಿ ಅವರ ಒಳ್ಳೆ ಕಾಲ ಶುರುವಾಯಿತು. ಫಾಸ್ಟ್‌ಬಾಲನ್ನು (ಪೂರ್ತಿ ವೇಗದ ಎಸೆತ) ಕೆಳಗೆ ಎಸೆ, ಮಂಡಿ ಹತ್ತಿರ ಎಸೆ ಅಂತ ಎಲ್ಲರೂ ಹೇಳುತ್ತಿದ್ದ ಕಾಲದಲ್ಲಿ, ಮೇಲಕ್ಕೆ ಎಸೆಯಿರಿ ಅಂತ ವಾದಿಸಿದವರಲ್ಲಿ ಅವರೂ ಒಬ್ಬರು. ಬ್ಯಾಟರ್‌ಗಳು ಕೆಳಗಿನ ಚೆಂಡನ್ನು ಎತ್ತಿ ಹೊಡೆಯಲು ಕಲಿತಿದ್ದರು. ಎದೆ ಮಟ್ಟದ ವೇಗದ ಚೆಂಡಿನ ಮುಂದೆ ಅದೇ ಬೀಸು ತಪ್ಪುತ್ತಿತ್ತು. ಜಸ್ಟಿನ್ ವರ್ಲ್ಯಾಂಡರ್, ಗೆರಿಟ್ ಕೋಲ್ ತರಹದವರು ಅಲ್ಲಿಗೆ ಬಂದ ಮೇಲೆ ಇನ್ನೂ ಉತ್ತಮ ಆದರು. 2017ರಲ್ಲಿ ಹ್ಯೂಸ್ಟನ್ ವರ್ಲ್ಡ್ ಸೀರೀಸ್ ಗೆದ್ದಿತು. ಆ ಗೆಲುವಿಗೆ ಮುಂದೆ, ಎದುರಾಳಿ ಕ್ಯಾಚರ್ ತನ್ನ ಪಿಚರ್‌ಗೆ ಮಾಡುವ ಸನ್ನೆ ಕದ್ದ ಕಳಂಕ ಅಂಟಿತು. ಅದು ಬ್ಯಾಟಿಂಗ್ ಕಡೆಯ ಮೋಸ, ಪಿಚರ್‌ಗಳ ಕೆಲಸವನ್ನು ಅದರ ಜೊತೆ ಸೇರಿಸಿ ತೂಗುವುದು ನ್ಯಾಯ ಅಲ್ಲ. ಸ್ಟ್ರಾಮ್ ಆಮೇಲೆ ಆರಿಜೋನಾಕ್ಕೆ ಹೋದರು. 2023ರಲ್ಲಿ ಆ ತಂಡ ವರ್ಲ್ಡ್ ಸೀರೀಸ್ ತಲುಪಿತು. 2024ರಲ್ಲಿ ಪಿಚಿಂಗ್ ಕೆಟ್ಟಿತು, ಅಕ್ಟೋಬರ್‌ನಲ್ಲಿ ಅವರನ್ನು ತೆಗೆದರು. ಒಂದೇ ವರ್ಷದ ಅಂತರ. ಆದರೆ 76ರ ವಯಸ್ಸಲ್ಲಿ ಪಿಟ್ಸ್‌ಬರ್ಗ್ ಅವರನ್ನು ಸಹಾಯಕ ಪಿಚಿಂಗ್ ಕೋಚ್ ಆಗಿ ಕರೆದುಕೊಂಡಿತು. ಮಜೋನಿ ಅವರಿಗೆ ಈ ಅದೃಷ್ಟ ಇರಲಿಲ್ಲ. ಅಟ್ಲಾಂಟಾ ಬಿಟ್ಟು ಬಾಲ್ಟಿಮೋರ್‌ಗೆ ಹೋದರು, 2007ರಲ್ಲಿ ಅಲ್ಲಿಂದ ತೆಗೆದರು. ಆಮೇಲೆ ಯಾವ ಮೇಜರ್ ಲೀಗ್ ತಂಡವೂ ಅವರನ್ನು ಪಿಚಿಂಗ್ ಕೋಚ್ ಮಾಡಲಿಲ್ಲ. ಇದು ನನಗೆ ಇವತ್ತಿಗೂ ಬೇಸರ ತರುವ ವಿಷಯ.

ನಿಮ್ಮ ಮಗನ ಮೊಣಕೈ ವಿಚಾರಕ್ಕೆ ಬರುತ್ತೇನೆ. ಇದನ್ನು ಅವನ ಕೊರತೆ ಅಂತ ನೋಡಬೇಡಿ. ಫಾಸ್ಟ್‌ಬಾಲ್‌ನ ಸರಾಸರಿ ವೇಗ 2008ರಲ್ಲಿ ಗಂಟೆಗೆ 91 ಮೈಲಿಯ ಆಸುಪಾಸು ಇತ್ತು, 2024ಕ್ಕೆ 94 ದಾಟಿತು. ವೇಗ ಏರಿದ ಹಾಗೆ ಮೊಣಕೈ ಒಳಬದಿಯ ಸಣ್ಣ ಲಿಗಮೆಂಟ್ (ಟಾಮಿ ಜಾನ್ ಆಪರೇಷನ್ ಸರಿಪಡಿಸುವ, ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಹರಿಯುವುದೂ ಜಾಸ್ತಿ ಆಯಿತು. 2024ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಸಂಸ್ಥೆಯೇ ಒಂದು ವರದಿ ಹೊರತಂದಿತು. ವೇಗದ ಹುಚ್ಚು, ಪ್ರತಿ ಎಸೆತಕ್ಕೂ ಪೂರ್ತಿ ಬಲ ಹಾಕುವ ಅಭ್ಯಾಸ, ಇವೇ ಗಾಯಗಳ ಹಿಂದಿನ ಮುಖ್ಯ ಕಾರಣಗಳು ಅಂತ ಅದು ಹೇಳಿತು. ಹೈಸ್ಕೂಲ್ ಹುಡುಗರೂ ಇದೇ ದಾರಿ ಹಿಡಿದಿದ್ದಾರೆ ಅಂತಲೂ ಎಚ್ಚರಿಸಿತು.

ಮಜೋನಿ ಕಾಲದ ಪದ್ಧತಿ ಇಲ್ಲಿ ನೆನಪಾಗುತ್ತದೆ. ಎರಡು ಪಂದ್ಯದ ನಡುವೆ ಬೇರೆಯವರು ಒಂದು ದಿನ ಅಭ್ಯಾಸ ಮಾಡಿಸಿದರೆ ಅವರು ಎರಡು ದಿನ ಮಾಡಿಸುತ್ತಿದ್ದರು. ಆದರೆ ಬಲ ಹಾಕಲು ಬಿಡುತ್ತಿರಲಿಲ್ಲ. ಮೆಲ್ಲಗೆ ಎಸೆ, ಗುರಿ ನೋಡಿ ಎಸೆ. ಇದನ್ನು ಅವರು ಕಲಿತದ್ದು ಜಾನಿ ಸೇನ್ ಎಂಬ ಹಿರಿಯ ಕೋಚ್ ಹತ್ತಿರ. ಸೇನ್ ಒಂದು ಕಡ್ಡಿಗೆ ಚೆಂಡು ಸಿಕ್ಕಿಸಿ ಸಣ್ಣ ಸಾಧನ ಮಾಡಿದ್ದರು. ಪಿಚರ್ ಹೋಟೆಲ್ ರೂಮಲ್ಲಿ ಕೂತೇ ಬೆರಳಿಂದ ಚೆಂಡು ತಿರುಗಿಸುತ್ತಾ ಕರ್ವ್‌ಬಾಲ್ ಅನ್ನುವ ಬಾಗುವ ಎಸೆತ ಅಭ್ಯಾಸ ಮಾಡಬಹುದಿತ್ತು, ಭುಜಕ್ಕೆ ಆಯಾಸವೇ ಇಲ್ಲ. ಈಗಿನ ತಂತ್ರಜ್ಞಾನ ಬೇಡ ಅಂತ ನಾನು ಹೇಳುತ್ತಿಲ್ಲ. ನಾವು ಕ್ರಿಕೆಟ್‌ನಲ್ಲಿ ಎಲ್‌ಬಿಡಬ್ಲ್ಯೂಗೆ ನೋಡುವ ಹಾಕ್-ಐ 2020ರಿಂದ ಮೇಜರ್ ಲೀಗ್ ಮೈದಾನಗಳಲ್ಲೂ ಇದೆ, ಅದರಿಂದ ಕಲಿಯುವುದು ಬೇಕಾದಷ್ಟಿದೆ. ಆದರೆ ಟ್ಯಾಬ್ಲೆಟ್ ನೋಡಿ ಇನ್ನೂ ಎರಡು ಮೈಲಿ ವೇಗ ತೆಗಿ ಅನ್ನುವ ಕೋಚ್‌ಗಳು ಬೇಕಾದಷ್ಟು ಜನ ಸಿಗುತ್ತಾರೆ. ಈ ಹುಡುಗ ಇವತ್ತು ಎಸೆಯಬಾರದು ಅಂತ ಮ್ಯಾನೇಜರ್ ಮುಂದೆ ನಿಂತು ಹೇಳುವವರು ಕಮ್ಮಿ. ಕೈ ಕಳೆದುಕೊಂಡ ನೋವು ಗೊತ್ತಿರುವವನು, ದೇಹದ ಶಾಸ್ತ್ರ ಓದಿದವನು ಹಾಗೆ ಹೇಳಬಲ್ಲ. ನಿಮ್ಮ ಮಗನ ಡಿಗ್ರಿ ವ್ಯರ್ಥ ಆಗಲ್ಲ ಮೇಡಂ.

ಇನ್ನು ಅವನು ಏನು ಮಾಡಬೇಕು ಅಂತ. ಮೊದಲ ಕೆಲಸವೇ ದೊಡ್ಡ ತಂಡದಲ್ಲಿ ಬೇಕು ಅಂತ ಕಾಯಬಾರದು. ಕಾಲೇಜು ತಂಡದಲ್ಲಿ ಸಹಾಯಕ ಕೋಚ್ ಆಗಿ ಸೇರಲಿ. ದೊಡ್ಡ ಕಾಲೇಜುಗಳ ಡಿವಿಷನ್ 1 ಬೇಸ್‌ಬಾಲ್‌ನಲ್ಲಿ 'ವಾಲಂಟಿಯರ್ ಕೋಚ್' ಅನ್ನುವ ಪುಕ್ಕಟೆ ದುಡಿಮೆ ಇತ್ತು. 2023ರ ಜುಲೈಯಿಂದ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ ಅದನ್ನು ತೆಗೆದು, ಆ ಜಾಗಕ್ಕೂ ಸಂಬಳ ಕೊಡಲು ಅವಕಾಶ ಮಾಡಿತು. ಬೇಸಿಗೆಯಲ್ಲಿ ಕಾಲೇಜು ಹುಡುಗರ ಲೀಗ್‌ಗಳಿರುತ್ತವೆ, ಅಲ್ಲಿಗೂ ಹೋಗಲಿ. ಕೈಕೆಳಗೆ ಬಂದ ಪ್ರತಿ ಪಿಚರ್ ಬಗ್ಗೆ ಬರೆದಿಡಲಿ: ಬಂದಾಗ ಹೇಗಿದ್ದ, ಏನು ಬದಲಾಯಿಸಿದೆ, ಆಮೇಲೆ ಏನಾಯಿತು, ಎಷ್ಟು ದಿನ ಗಾಯ ಇಲ್ಲದೆ ಎಸೆದ. ಇವತ್ತು ತಂಡಗಳು ಸಂದರ್ಶನದಲ್ಲಿ ಕೇಳುವುದು ಇದನ್ನೇ. ಒಬ್ಬ ಪಿಚರ್‌ನ ವಿಡಿಯೋ ಮತ್ತು ಅಂಕಿ ಮುಂದಿಟ್ಟು, ಇವನಿಗೆ ಏನು ಹೇಳುತ್ತೀಯಾ ಅನ್ನುತ್ತಾರೆ.

ಸ್ಪ್ಯಾನಿಷ್ ಕಲಿಯಲಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಮೇಜರ್ ಲೀಗ್ ಆಟಗಾರರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಜನ ಅಮೆರಿಕದ ಹೊರಗೆ ಹುಟ್ಟಿದವರು, ಅವರಲ್ಲಿ ಬಹುಪಾಲು ಡೊಮಿನಿಕನ್ ರಿಪಬ್ಲಿಕ್ ಮತ್ತು ವೆನೆಜುವೆಲಾದವರು. ಕೆಳಗಿನ ಲೀಗ್‌ಗಳಲ್ಲಿ ಹದಿನೇಳು ಹದಿನೆಂಟರ ಹುಡುಗ ಮನೆ ಬಿಟ್ಟು ಬಂದಿರುತ್ತಾನೆ, ಇಂಗ್ಲಿಷ್ ಅರ್ಧಂಬರ್ಧ ಗೊತ್ತು. ಭುಜ ನೋಯುತ್ತಿದೆ ಅಂತ ಹೇಳಿಕೊಳ್ಳಲೂ ಭಾಷೆ ಬೇಕಲ್ವಾ? ಎರಡು ಭಾಷೆ ಮಾತಾಡುವ ಮನೆಯಲ್ಲಿ ಬೆಳೆದ ನಿಮ್ಮ ಹುಡುಗನಿಗೆ ಮೂರನೆಯದು ಕಷ್ಟ ಆಗಲಿಕ್ಕಿಲ್ಲ.

ಜನವರಿ ಆರಂಭದಲ್ಲಿ ಅಮೆರಿಕನ್ ಬೇಸ್‌ಬಾಲ್ ಕೋಚಸ್ ಅಸೋಸಿಯೇಷನ್‌ನ ಸಮಾವೇಶ ನಡೆಯುತ್ತದೆ. ಸಾವಿರಾರು ಕೋಚ್‌ಗಳು ಬರುತ್ತಾರೆ, ಎಷ್ಟೋ ಕೆಲಸ ಅಲ್ಲಿನ ಕಾರಿಡಾರ್‌ಗಳಲ್ಲೇ ಗಟ್ಟಿ ಆಗುತ್ತವೆ. ಅದಕ್ಕೆ ಹೋಗಲು ದುಡ್ಡು ಕೇಳಿದರೆ ಕೊಡಿ. ತಂಡಗಳು ಮುಂದಿನ ವರ್ಷಕ್ಕೆ ಕೋಚ್‌ಗಳನ್ನು ಹುಡುಕುವುದು ಸೀಸನ್ ಮುಗಿದ ಮೇಲೆ, ಅಕ್ಟೋಬರ್‌ನಿಂದ ಚಳಿಗಾಲದವರೆಗೆ. ಆಗ ಅರ್ಜಿ ಹಾಕಲಿ.

ಹೊಟ್ಟೆ ತುಂಬುತ್ತಾ ಅಂತ ಕೇಳಿದ್ದಿರಿ. ಮೊದಲ ಕೆಲವು ವರ್ಷ ಕಷ್ಟವೇ. ಚಳಿಗಾಲದಲ್ಲಿ ಶಾಲಾ ಹುಡುಗರಿಗೆ ಖಾಸಗಿ ಪಾಠ ಹೇಳಿಕೊಟ್ಟು ಎಷ್ಟೋ ಕೋಚ್‌ಗಳು ಸಂಸಾರ ನಡೆಸುತ್ತಾರೆ, ಟೆಕ್ಸಾಸ್‌ನಲ್ಲಂತೂ ಅದಕ್ಕೆ ಕೊರತೆ ಇಲ್ಲ. ಫಿಸಿಯೋಥೆರಪಿ ಬಾಗಿಲನ್ನು ಪೂರ್ತಿ ಮುಚ್ಚುವುದೂ ಬೇಡ, ಅದಕ್ಕೆ ಬೇಕಾದ ಕೋರ್ಸ್ ಬಾಕಿ ಇದ್ದರೆ ಒಂದೊಂದಾಗಿ ಮುಗಿಸಿಕೊಳ್ಳಲಿ. ಹೆಲ್ತ್ ಇನ್ಶೂರೆನ್ಸ್ ಬಗ್ಗೆ ನೀವು ಈಗಲೇ ನೋಡಿಕೊಳ್ಳಿ. ಅಮೆರಿಕದ ಕಾನೂನಿನ ಪ್ರಕಾರ 26 ತುಂಬುವವರೆಗೆ ಮಕ್ಕಳು ಅಪ್ಪ ಅಮ್ಮನ ಪಾಲಿಸಿಯಲ್ಲೇ ಇರಬಹುದು. ಅವನಿಗೆ ಈಗ 22. ಅಷ್ಟು ಸಮಯ ಅವನಿಗೆ ಕೊಡಿ ಅಂತ ನನ್ನ ಸಲಹೆ. ಅಷ್ಟರಲ್ಲಿ ಯಾವುದಾದರೂ ತಂಡದ ಮೈನರ್ ಲೀಗ್ ಕೆಲಸವೋ, ಕಾಲೇಜಿನಲ್ಲಿ ಪೂರ್ಣಾವಧಿ ಸಂಬಳದ ಕೆಲಸವೋ ಸಿಕ್ಕಿರಬೇಕು. ಸಿಗದಿದ್ದರೆ ಆಗ ಫಿಸಿಯೋಥೆರಪಿ ಅರ್ಜಿ ಹಾಕಲಿ ಅಂತ ಇವತ್ತೇ ಅವನ ಜೊತೆ ಕೂತು ಮಾತಾಡಿಕೊಳ್ಳಿ.